ಮಿಸ್ಟರ್ ಗ್ಯಾಸ್ಕಿನ್ಸ್ ಸ್ವಲ್ಪ ತಡ

ಫೆಬ್ರವರಿ 9, ಮಂಗಳವಾರ

ಇವತ್ತೂ ಸಲೂನಿನಲ್ಲಿ ರಶ್. ಸಂಜೆಯವರೆಗೆ ಜಡೆ ಹೆಣೆದು ಬೆರಳು ಮರಗಟ್ಟಿವೆ. ಮನೆಗೆ ಬಂದು ನೆಲಮಾಳಿಗೆಗೆ ಇಳಿದೆ, ಹೀಟರ್ ಹಾಕಿದೆ, ತಾಳ ಕಟ್ಟುವ ಬೀಟ್ ಮೆಷಿನ್ ಆನ್ ಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮಿಸ್ಟರ್ ಗ್ಯಾಸ್ಕಿನ್ಸ್ ತಮಗಿಂತ ಎತ್ತರದ ತಂತಿವಾದ್ಯ, ಬೇಸ್, ಹೊತ್ತು ಮೆಟ್ಟಿಲಿಳಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಪ್ರಾಯದಲ್ಲಿ ಫಿಲಡೆಲ್ಫಿಯಾದ ಬಾರುಗಳಲ್ಲೆಲ್ಲ ಜಾಝ್ ನುಡಿಸಿದವರು. ಒಂದು ರೆಕಾರ್ಡಿನ ಮೇಲೂ ಹೆಸರಿಲ್ಲ.

ಡ್ರಮ್ ತಾಳ ಹಾಕಿದೆ. ಅವರು ಬೇಸ್ ನುಡಿಸಿದರು. ಪ್ರತಿ ಸ್ವರವೂ ಕೂದಲೆಳೆಯಷ್ಟು ತಡ. ತಪ್ಪಿ ಅಲ್ಲ, ಬೇಕೆಂದೇ. ಆರಾಮಕುರ್ಚಿಗೆ ಒರಗಿದ ಹಾಗೆ ತಾಳಕ್ಕೆ ಒರಗುತ್ತಾರೆ. ನನ್ನ ತಲೆ ತಾನಾಗಿಯೇ ಆಡತೊಡಗಿತು.

ಮೇಲಿನಿಂದ ಅವರ ಹೆಂಡತಿ ವರ್ನೆಲ್ ಕೂಗಿದರು. "ರೀ, ಮೀನು ತಣ್ಣಗಾಗ್ತಿದೆ! ಈ ಮನುಷ್ಯ ಮದುವೆಗೂ ಲೇಟು, ಊಟಕ್ಕೂ ಲೇಟು."

"ನಾನು ಲೇಟಲ್ಲ ಕಣೇ. ನೀವೆಲ್ಲ ಬೇಗ ಬಂದ್ಬಿಡ್ತೀರ."

ಫೆಬ್ರವರಿ 13, ಶನಿವಾರ

ಹಾಡು ಮುಗಿಯಿತು! ಬೇಸ್ ಮಿಸ್ಟರ್ ಗ್ಯಾಸ್ಕಿನ್ಸ್ ಅವರದು, ಪಿಯಾನೋ ನನ್ನದು. ಹಿಂದೆ ಗುನುಗುವ ಕ್ವಾಯರ್ ಪೂರ್ತಿ ನನ್ನದೇ ಗಂಟಲು, ಪದರ ಪದರವಾಗಿ. ಎಲ್ಲರ ಹಾಗೆ ಹಳೆಯ ಸೋಲ್ ಸಂಗೀತದ ರೆಕಾರ್ಡಿನಿಂದ ಕತ್ತರಿಸಿ ಹಾಕಿದ್ದು ಒಂದು ಚೂರೂ ಇಲ್ಲ. ಅವುಗಳ ಪರ್ಮಿಷನ್ ನನ್ನಂಥವಳಿಗೆ ಯಾರು ಕೊಡುತ್ತಾರೆ? ಹಳೆ ರೆಕಾರ್ಡಿನ ಹಾಗೆ ಕೇಳಿಸುವುದನ್ನು ನಾನೇ ಹೊಸದಾಗಿ ಮಾಡಿದೆ, ಅಷ್ಟೇ.

ಟ್ರೆಂಟ್‌ಗೆ ಕಳಿಸಿದ್ದೇನೆ. ಊರೆಲ್ಲ ಮಾತಾಡಿಕೊಳ್ಳುತ್ತಿರುವ ಆ ರ‍್ಯಾಪರ್‌ನ ಮ್ಯಾನೇಜರ್ ಅವನು. ಇಷ್ಟು ವರ್ಷ ಇಂಥವರ ಹಾಡಿನ ಹಿನ್ನೆಲೆಗೆ ಬೀಟ್ ಮಾಡಿದರೂ ನನ್ನ ಹೆಸರು ಈ ಬೀದಿ ದಾಟಿಲ್ಲ. ಇದಾದರೂ ದಾಟಿಸಬೇಕು...

ಫೆಬ್ರವರಿ 26, ಶುಕ್ರವಾರ

ಟ್ರೆಂಟ್ ಫೋನ್!

"ಕಾರ್ಲಿಸ್, ಆಲ್ಬಮ್ಮಿಗೆ ಮೊದಲ ಹಾಡು ಇದೇ. ಈಗ ನಿಜ ಹೇಳು, ಯಾವ ರೆಕಾರ್ಡಿಂದ ಎತ್ತಿದ್ದು?"

"ಯಾವುದ್ರಿಂದಾನೂ ಇಲ್ಲ."

"ನನ್ನ ಕಿವಿ ಮೇಲೆ ಹೂವಿಡ್ಬೇಡ. ಆ ಬೇಸು ಅರವತ್ತೆಂಟನೇ ಇಸವೀದು. ಅಂಥ ಕೈ ಈಗ ಎಲ್ಲಿದೆ?"

"ಪಕ್ಕದ ಮನೇಲಿದೆ. ಹಿಮ ಗೋರ್ತಿದೆ."

ನಂಬಲಿಲ್ಲ. ಕಣ್ಣಾರೆ ನೋಡಬೇಕಂತೆ. ಕಳ್ಳಿ ಅಂದನಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೆ?

ಮಾರ್ಚ್ 5, ಶನಿವಾರ

ಟ್ರೆಂಟ್ ಬಂದಿದ್ದ. ವಾಷಿಂಗ್ ಮೆಷಿನ್ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಮಿಸ್ಟರ್ ಗ್ಯಾಸ್ಕಿನ್ಸ್ ಒಂದು ಸುತ್ತು ನುಡಿಸಿದರು. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಚಪ್ಪಾಳೆ ತಟ್ಟಿ ಎದ್ದ.

"ಹಾಗಾದ್ರೆ ಸುಲಭ ಆಯ್ತು. ಯಾರ ಪರ್ಮಿಷನ್ನೂ ಬೇಡ. ಬೇಸ್ ನಮ್ಮ ಹುಡುಗನ ಕೈಲಿ ಮತ್ತೆ ಹೊಡೆಸ್ತೀವಿ. ನೀಟಾಗಿ, ತಾಳಕ್ಕೆ ಸರಿಯಾಗಿ. ತಾತಂದು ಹಿಂದೆ ಬೀಳುತ್ತಲ್ಲ."

"ಮೊನ್ನೆ ಅದೇ ಅಲ್ವಾ ನಿನಗೆ ಹಿಡಿಸಿದ್ದು?"

"ಅವಾಗ ಹಳೇ ರೆಕಾರ್ಡ್ ಅನ್ಕೊಂಡಿದ್ದೆ."

ಮೈಯೆಲ್ಲ ಉರಿದುಹೋಯಿತು. ಸತ್ತವನು ತಡ ಮಾಡಿದರೆ ಕಲೆ, ಬದುಕಿರುವವನು ತಡ ಮಾಡಿದರೆ ತಪ್ಪು! ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ.

ಅವನು ಹೋದ ಮೇಲೆ ಮಿಸ್ಟರ್ ಗ್ಯಾಸ್ಕಿನ್ಸ್ ಸದ್ದಿಲ್ಲದೆ ಬೇಸಿನ ಚೀಲದ ಜಿಪ್ ಎಳೆದರು. "ಕೊಟ್ಬಿಡು ಮಗೂ. ನಿನ್ನ ಹೆಸರಾದ್ರೂ ಬರ್ಲಿ."

ಮಾರ್ಚ್ 7, ಸೋಮವಾರ

ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಅವರ ಬೇಸನ್ನು ನಾನೇ ನೇರ ಮಾಡಿ ನೋಡಿದೆ. ಒಂದೊಂದು ಸ್ವರವನ್ನೂ ಎಳೆದು ತಾಳದ ಗೆರೆಗೆ ಕೂರಿಸಿದೆ. ಶುದ್ಧವಾಗಿ ಕೇಳಿಸಿತು. ತಲೆ ಆಡಲಿಲ್ಲ. ಮತ್ತೆ ಹಾಕಿದೆ — ಊಹೂಂ.

ಫೋನ್ ಮಾಡಿ ಆಗಲ್ಲ ಅಂದೆ.

"ಆಮೇಲೆ ಕೊರಗ್ತೀಯ," ಅಂದ ಟ್ರೆಂಟ್.

"ಕೊರಗಿದ್ರೆ ನನ್ನ ಮನೇಲಿ ಕೊರಗ್ತೀನಿ, ಬಿಡು."

ಫೋನ್ ಇಟ್ಟು, ನೇರ ಮಾಡಿದ್ದನ್ನೆಲ್ಲ ಅಳಿಸಿದೆ. ಬೆನ್ನು ನೆಟ್ಟಗಿದೆ.

ಜೂನ್ 18, ಶನಿವಾರ

ಎಷ್ಟೋ ದಿನದಿಂದ ಬರೆದಿಲ್ಲ. ಪುರುಸೊತ್ತೇ ಇರಲಿಲ್ಲ.

ರೆಕಾರ್ಡ್ ಬಂತು. ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ನನ್ನದೇ. ಕವರ್ ಮೇಲೆ ನನ್ನ ಹೆಸರು, ಅದರಡಿ ಅಷ್ಟೇ ದಪ್ಪ ಅಕ್ಷರದಲ್ಲಿ — ಬೇಸ್: ಪರ್ನೆಲ್ ಗ್ಯಾಸ್ಕಿನ್ಸ್. ಸಲೂನಿನಲ್ಲಿ ಹಾಕಿದರೆ ಅರ್ಧ ಜಡೆಯ ಹೆಂಗಸರೆಲ್ಲ ತಲೆ ಆಡಿಸಿ ನನ್ನ ಕೆಲಸ ಕೆಡಿಸಿದರು.

ಪಕ್ಕದ ಮನೆಗೆ ಒಂದು ಕೊಟ್ಟೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ನನ್ನ ಹೆಸರು ಇಷ್ಟು ಉದ್ದ ಇದೆಯಾ?" ಅಂದರು. ವರ್ನೆಲ್ ನನ್ನನ್ನು ತಬ್ಬಿಕೊಂಡು ಬಿಡಲೇ ಇಲ್ಲ.

ಹೆಮ್ಮೆ. ಅವರ ಬಗ್ಗೆ, ನನ್ನ ಬಗ್ಗೆಯೂ. ಯಾರೂ ಓದದ ಜಾಗದಲ್ಲಾದರೂ ಬಾಯಿಬಿಟ್ಟು ಹೇಳಿಬಿಡುತ್ತೇನೆ.

ಅಕ್ಟೋಬರ್ 2, ಭಾನುವಾರ, ಮಧ್ಯಾಹ್ನ

ಚರ್ಚ್ ಮುಗಿಸಿ ಮಿಸ್ಟರ್ ಗ್ಯಾಸ್ಕಿನ್ಸ್, ವರ್ನೆಲ್ ಇಬ್ಬರೂ ನಮ್ಮಲ್ಲೇ ಊಟಕ್ಕೆ. ಫೋನ್ ಬಂತು, ಸಮುದ್ರದಾಚೆಯ ರಾಟರ್‌ಡ್ಯಾಮಿನಿಂದ. ಮರೈಕೆ ಅಂತ ಒಬ್ಬ ಹುಡುಗಿ, ಅವಳೂ ಬೀಟ್ ಮಾಡುತ್ತಾಳೆ. ಯಾವುದೋ ಅಂಗಡಿಯಲ್ಲಿ ನಮ್ಮ ರೆಕಾರ್ಡ್ ಸಿಕ್ಕಿದೆ. ಆ ಬೇಸನ್ನು ಕತ್ತರಿಸಿ ತನ್ನ ಹಾಡಿಗೆ ಹಾಕಿಕೊಳ್ಳಬೇಕಂತೆ. ಪರ್ಮಿಷನ್ ಕೇಳುತ್ತಿದ್ದಾಳೆ — ನಮ್ಮನ್ನು! ಆಮೇಲೆ ಮೆಲ್ಲಗೆ ಕೇಳಿದಳು, "ಬೇಸ್ ನುಡಿಸಿದವರು... ಇನ್ನೂ ಬದುಕಿದಾರಾ?"

ಫೋನನ್ನು ಅವರಿಗೇ ಕೊಟ್ಟೆ.

"ಬದುಕಿದೀನಮ್ಮ. ಚಿಕನ್ ತಿಂತಿದೀನಿ." ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಧಾರಾಳವಾಗಿ ಕತ್ತರಿಸ್ಕೊ. ನೇರ ಮಾತ್ರ ಮಾಡ್ಬೇಡ."

ಮತ್ತೆ ಕೇಳಿಸಿಕೊಂಡರು. ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು.

"ಏನಂತೆ ರೀ?" ಅಂದರು ವರ್ನೆಲ್.

ಫೋನಿಗೆ ಕೈ ಅಡ್ಡ ಹಿಡಿದು, "ಹೆಸರು ಹಾಕ್ತಾಳಂತೆ ಕಣೇ. ಒಂದಕ್ಷರಾನೂ ತಪ್ಪಬಾರ್ದಂತೆ, ಹೇಳಿ ಅಂತಿದಾಳೆ."

ತಟ್ಟೆ ಪಕ್ಕಕ್ಕೆ ಸರಿಸಿ ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ನಿಂತಿದ್ದಾರೆ. ಹೇಳುತ್ತಿದ್ದಾರೆ. ಅವಸರವೇ ಇಲ್ಲ. ಒಂದೊಂದೇ ಅಕ್ಷರ, ತಮ್ಮದೇ ತಾಳದಲ್ಲಿ — ಜಿ... ಎ... ಎಸ್...