ಸತ್ತ ರಾಕ್ಷಸನಿಗೆ ನಾಲ್ಕು ಕಾಲಂ, ಕೊಂದವನಿಗೆ ಒಂದು ಸಾಲೂ ಇಲ್ಲ

ಯಾರು ಕಲಾವಿದ, ಯಾರು ಅಲ್ಲ ಎಂಬುದನ್ನು ಮೊಬೈಲ್ ನೋಡಿ ತೀರ್ಮಾನಿಸುವ ಜಿಲ್ಲಾ ಪುಟದ ಸಂಪಾದಕರೇ,

ಕಳೆದ ಭಾನುವಾರ ತಮ್ಮ ಪತ್ರಿಕೆ ನಮ್ಮ ದೊಡ್ಡಾಟ ಮೇಳದ ಬಸಲಿಂಗನ ಭಾವಚಿತ್ರವನ್ನು ನಾಲ್ಕು ಕಾಲಂನಲ್ಲಿ ಅಚ್ಚು ಹಾಕಿ ‘ಜನಮನ ಗೆದ್ದ ರಾಕ್ಷಸ’ ಎಂದು ಕೊಂಡಾಡಿದೆ. ಆ ರಾಕ್ಷಸನನ್ನು ಕೊಂದ ರಾಜ ನಾನು. ನನ್ನ ಹೆಸರು ಎಲ್ಲಿಯೂ ಇಲ್ಲ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಸುಳ್ಳು ಯಾಕೆ ಹೇಳಲಿ, ಹೊಟ್ಟೆಯೊಳಗೆ ಕೆಂಡ ಬಿದ್ದಿದೆ.

ನಡೆದದ್ದು ಇಷ್ಟು. ನಮ್ಮ ವನದುರ್ಗದ ಆಟದಲ್ಲಿ ಒಂದು ಕಟ್ಟಳೆ ಇದೆ. ಕೊಂದವನು ಹೆಣದ ಮುಂದೆ ನಿಂತು ಪದ ಹಾಡಬೇಕು. ಅದು ಮುಗಿದು ಪರದೆ ಅಡ್ಡ ಹಿಡಿಯುವ ತನಕ ಸತ್ತವನು ಅಲುಗಬಾರದು. ಕೊಂದವನಿಗೂ ಮರುಕ ಹುಟ್ಟುವ ಪದ ಅದು. ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ನಾನು ಕಣ್ಣು ಮುಚ್ಚಿ ಸ್ವರ ಏರಿಸುವ ಹೊತ್ತಿಗೆ ಬಸಲಿಂಗನ ಸೊಂಟಪಟ್ಟಿಯೊಳಗೆ ಫೋನ್ ಹೊಡೆದುಕೊಂಡಿತು. ಎಮ್ಮೆ ಈಯುತ್ತಿದೆ ಎಂದು ಹೇಳಲು ಅವನ ಹೆಂಡತಿ ರೇಣುಕಾದೇವಿ ಮಾಡಿದ್ದು. ಮಲಗಿದಲ್ಲಿಂದಲೇ ಎತ್ತಿ ಅವನು ಹೇಳಿದ: “ನಾ ಈಗ ಸತ್ತೇನಿ. ಎದ್ದಮ್ಯಾಲ ಮಾತಾಡ್ತೀನಿ, ಇಡು.”

ಆಟ ನೋಡುತ್ತಿದ್ದ ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟ ವಿಡಿಯೊ ಇಷ್ಟೇ. ಲಕ್ಷಗಟ್ಟಲೆ ಮಂದಿ ನೋಡಿದರು. ಅದರಲ್ಲಿ ನನ್ನದೆಂದು ಕಾಣುವುದು ಗೆಜ್ಜೆ ಕಟ್ಟಿದ ಒಂದು ಕಾಲು. ಈಗ ಶಹಾಪುರ ಬಸ್ ನಿಲ್ದಾಣದಲ್ಲಿ ಬಸಲಿಂಗನಿಗೆ ಚಹಾ ಕುಡಿಸಲು ಪೈಪೋಟಿ. ಅವನ ವಾರಿಗೆಯವನೇ ಆದ ನನ್ನ ಕೈಗೆ ಫೋನ್ ಕೊಟ್ಟು, “ಕಾಕಾ, ನಮ್ಮಿಬ್ಬರದು ಒಂದು ಫೋಟೊ ಹೊಡೀರಿ” ಎನ್ನುತ್ತಾರೆ. ಹೊಡೆದುಕೊಟ್ಟೆ. ಅವನ ತಲೆ ಬಿಟ್ಟು ಹೊಡೆದೆ.

ಯಾದಗಿರಿಯ ಕಚೇರಿಗೆ ಬಂದು ಕೇಳಿದಾಗ, ಹಿಂದೊಮ್ಮೆ ನಾನೇ ಹಾಡಿ ಹಾಕಿದ್ದ ಪದದ ವಿಡಿಯೊ ತೆಗೆದು ತಾವು ಮೊಬೈಲ್ ತಿರುಗಿಸಿ ತೋರಿಸಿದಿರಿ. “ನಿಮ್ಮ ಪದಕ್ಕ ಏಳು ಲೈಕ್ ಬಂದಾವ್ರಿ. ಅದರಾಗ ಒಂದು ನಿಮ್ದೇ ಐತ್ರಿ.” ಒಂದಲ್ಲ ಸ್ವಾಮಿ, ಎರಡು; ಹೆಂಡತಿಯ ಫೋನಿನಿಂದಲೂ ನಾನೇ ಒತ್ತಿದ್ದೆ. ಆದರೆ ಲೈಕ್ ಎಣಿಸುವುದೇ ವಿಮರ್ಶೆಯಾದರೆ ತಮಗೆ ಕಲಾ ವರದಿಗಾರ ಯಾಕೆ? ಕಿವಿಯಾದರೂ ಯಾಕೆ? ಜನ ಒತ್ತಿದ್ದನ್ನು ತಾವು ಅಚ್ಚು ಹಾಕುತ್ತೀರಿ, ತಾವು ಅಚ್ಚು ಹಾಕಿದ್ದನ್ನು ಜನ ಮತ್ತೆ ಒತ್ತುತ್ತಾರೆ. ಈ ಗಾಣದೊಳಗೆ ಹಾಡುವವನು ಎಲ್ಲಿಂದ ಹೊಗಬೇಕು?

ತಮ್ಮ ವರದಿ ಬಂದ ಮೇಲೆ ಮೇಳದ ಮಾಸ್ತರ ಅಮಾತೆಪ್ಪನವರು ಆಟವನ್ನೇ ತಿದ್ದಿದ್ದಾರೆ. ಬರುವ ಸೋಮವಾರ ಕೆಂಭಾವಿಯಲ್ಲಿ ಫೋನ್ ಬೇಕೆಂದೇ ಹೊಡೆಯಬೇಕಂತೆ, ನನ್ನ ಪದ ಬೇಡವಂತೆ. “ಮಂದಿ ಅದನ್ನ ಕೇಳಾಕತ್ತಾರ ಭಾಗಣ್ಣ, ನಾ ಏನ್ ಮಾಡ್ಲಿ?” ಎಂದರು. ಬೇಡಿಕೊಂಡೆ. ಪೇಪರಿನವರು ಕೇಳಲು ಬಂದರೆ ಮಾತ್ರ ಹಾಡಿಸುತ್ತೇನೆ ಎಂದು ಕಡೆಗೆ ಒಪ್ಪಿದ್ದಾರೆ.

ಆದ್ದರಿಂದ ಕೆಂಭಾವಿಗೆ ಒಬ್ಬರನ್ನು ಕಳಿಸಿ. ಹೊಗಳಬೇಕಿಲ್ಲ. ಭಾಗಣ್ಣ ಕೆಟ್ಟದಾಗಿ ಹಾಡಿದ ಎಂದೇ ಬರೆಯಲಿ, ಆದರೆ ಪೂರ್ತಿ ಕೇಳಿ ಬರೆಯಲಿ. ಯಾರೂ ಬರದಿದ್ದರೆ ಸೋಮವಾರ ನಾನು ರಾಕ್ಷಸನನ್ನು ಕೊಂದು, ಅವನು ಫೋನಿನಲ್ಲಿ ಮಾತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿರಬೇಕು.

ಇಂತಿ,
ಕತ್ತಿ ಕೈಯಲ್ಲಿದ್ದೂ ಯಾರ ಕಣ್ಣಿಗೂ ಬೀಳದ ರಾಜ,
ಭಾಗಣ್ಣ, ವನದುರ್ಗ