ಕೊನೆಯ ಊರಿನ ಸರದಿ

ಬೀಳಗಿ
೧೮ ಆಗಸ್ಟ್ ೨೦೧೩

ಪ್ರೀತಿಯ ಅವ್ವಾ,

ಅಣ್ಣನ ಕೈಯಲ್ಲಿ ಕಳಿಸಿದ ಉಂಡಿ ಮುಟ್ಟಿದವು. ಶೇಂಗಾ ಉಂಡಿಯೆಲ್ಲ ನಿನ್ನ ಅಳಿಯನ ಪಾಲಾದವು. ಪಂಚಮಿಗೆ ಮಗಳು ಬನಹಟ್ಟಿಗೆ ಬರಲಿಲ್ಲವೆಂದು ನೀನು ಸಿಟ್ಟಾಗಿದ್ದೀಯಂತೆ. "ಆ ಹಿನ್ನೀರಿನ ದಂಡ್ಯಾಗ ಅಂಥಾದ್ದೇನ್ ಕೆಲಸ ಐತಿ ಅಕಿಗೆ?" ಎಂದೆಯಂತೆ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀ, ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೀರಿನ ಊರುಗಳ ಆರೋಗ್ಯ ಉಪಕೇಂದ್ರಗಳ ಮಾಳಿಗೆಯ ಮೇಲೆ ನಾವಿಬ್ಬರೂ ರೇಡಿಯೋ ಪೆಟ್ಟಿಗೆಗಳನ್ನು ಕೂರಿಸಿದ್ದೇವೆ. ತಂತಿ ಇಲ್ಲ. ಒಂದು ಪೆಟ್ಟಿಗೆ ಹೇಳಿದ್ದನ್ನು ಪಕ್ಕದೂರಿನದು ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತದೆ. ಹಾಗೆ ಊರಿಂದೂರಿಗೆ ಹಾದು ಮಾತು ಬೀಳಗಿಯ ಡಾಕ್ಟರನ್ನು ಮುಟ್ಟುತ್ತದೆ.

ಮೊದಮೊದಲು ಸರಿಯಾಗಿ ಮುಟ್ಟುತ್ತಿರಲಿಲ್ಲ. ನಿನ್ನ ಅಳಿಯ ಎಲ್ಲ ಮಾತಿಗೂ ಹತ್ತಿರದ ಹಾದಿಯನ್ನೇ ಹಾಕಿದ್ದರು. ಹತ್ತಿರದ ಹಾದಿಗಳೆಲ್ಲ ಬೀಳಗಿಯ ಪಕ್ಕದ ಒಂದೇ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಎಲ್ಲ ಊರೂ ಒಮ್ಮೆಲೇ ಬಾಯಿ ತೆರೆದರೆ ಯಾರ ಮಾತೂ ಕೇಳದು. ಹಿನ್ನೀರಿನ ಕೊನೆಯ ಊರಿನಲ್ಲಿ ಮೊಬೈಲ್ ಕೂಡ ಹತ್ತುವುದಿಲ್ಲ. ಅಲ್ಲಿಯ ನರ್ಸ್ ರತ್ನಾಬಾಯಿ ಒಂದು ದಿನ ನನ್ನನ್ನು ತರಾಟೆಗೆ ತೆಗೆದುಕೊಂಡರು: "ಅಕ್ಕಾರ, ನಾ ಹೇಳಿದ್ದು ಡಾಕ್ಟರಿಗೆ ಅರ್ಧಾನ ಮುಟ್ಟತೈತ್ರಿ. ಅರ್ಧಾ ಮಾತಿಗೆ ಔಷಧ ಹೆಂಗ್ ಕೊಡ್ಲಿ?"

ಗುಡ್ಡದ ಮೇಲೂ ನಮ್ಮದೊಂದು ಪೆಟ್ಟಿಗೆ ಇದೆ; ಕೊನೆಯ ಊರಿನ ಮಾತನ್ನು ಅದರ ಮೂಲಕ ಬಳಸಿ ತರೋಣ ಎಂದೆ. ಇವರು ಒಪ್ಪಲಿಲ್ಲ. "ದೂರದ ಹಾದಿ ಹಿಡದ್ರ ತಡ ಆಗ್ತೈತಿ ಮಂಗಲಾ." "ದೂರ ಆದ್ರೂ ಗದ್ದಲ ಇಲ್ಲಲ್ರಿ," ಎಂದೆ. ಎರಡು ದಿನ ಮನೆಯಲ್ಲಿ ಇದೇ ವಾದ. ಕೊನೆಗೆ ಅವರೇ ಬಂದು, "ನೋಡೇ ಬಿಡೂಣು" ಎಂದರು. ಹಾದಿ ಬದಲಿಸಿ, ಪ್ರತಿ ಪೆಟ್ಟಿಗೆಗೂ ಮಾತಾಡುವ ಸರದಿ ಕಟ್ಟಿದೆವು. ಒಂದರ ದನಿ ಇನ್ನೊಂದಕ್ಕೆ ಕೇಳದಷ್ಟು ದೂರದವು ಕೂಡಿಯೇ ಮಾತಾಡಲಿ, ಪಕ್ಕಪಕ್ಕದವು ಕಾಯಲಿ ಎಂದು. ಪೆಟ್ಟಿಗೆಗಳ ಗಡಿಯಾರ ಹಿಂದುಮುಂದಾಗಿ ಮೊದಲ ವಾರ ಇನ್ನಷ್ಟು ಕೆಟ್ಟಿತು. ಇವರು ಊರೂರು ಅಲೆದು ಗಡಿಯಾರಗಳನ್ನೆಲ್ಲ ಒಂದೇ ಹೊತ್ತಿಗೆ ಕೂಡಿಸಿದ ಮೇಲೆ ಮಾತು ಪೂರ್ತಿ ಮುಟ್ಟತೊಡಗಿತು.

ಪಂಚಮಿಯ ಮುನ್ನಾದಿನ ನೀರು ಏರಿ ರತ್ನಾಬಾಯಿಯ ಊರಿನ ರಸ್ತೆ ಮುಳುಗಿತು. ಅಲ್ಲಿ ಮರೆವ್ವ ಎಂಬಾಕೆಯ ಸೊಸೆಗೆ ಹೆರಿಗೆ ಬೇನೆ ಶುರುವಾಯಿತು. ನಾನು ಬೀಳಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಶೀತಲ ಅವರ ಪಕ್ಕದಲ್ಲೇ ಕುಳಿತಿದ್ದೆ. ಇವರು ಬ್ಯಾಟರಿ ಬದಲಿಸಲು ಗುಡ್ಡ ಹತ್ತುತ್ತಿದ್ದರು. ಕೂಸು ಹುಟ್ಟಿತು, ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ.

"ಹೊಟ್ಟಿ ಮ್ಯಾಲಿಂದ ಗರ್ಭಕೋಶ ತಿಕ್ಕತಾ ಇರ್ರಿ, ಕೈ ಬಿಡಬ್ಯಾಡ್ರಿ," ಎಂದು ಡಾಕ್ಟರ್ ಹೇಳುತ್ತಿದ್ದಾಗಲೇ ಗುಡ್ಡದ ಪೆಟ್ಟಿಗೆ ಆರಿತು. ಮಾತು ತಾನಾಗಿಯೇ ಹಳೆಯ ಹಾದಿಗೆ ಹೊರಳಿತು. ಅಲ್ಲಿ ಊರುಗಳ ದಿನದ ವರದಿಗಳ ನೂಕುನುಗ್ಗಲು. ರತ್ನಾಬಾಯಿಯ ದನಿ ತುಂಡುತುಂಡಾಯಿತು.

ನಾನು ಉಳಿದ ಊರುಗಳ ಸರದಿ ಕಿತ್ತು ಕೊನೆಯ ಊರಿಗೆ ಕೊಟ್ಟೆ. ಬೇರೆ ಕಡೆಯೂ ಯಾರಿಗಾದರೂ ತುರ್ತು ಬಂದರೆ? ಆ ಹೆದರಿಕೆಯಿಂದ ಪ್ರತಿ ಊರಿಗೂ ಒಂದು ಕೂಗಿನಷ್ಟು ಜಾಗ ಮಾತ್ರ ಬಿಟ್ಟೆ. ಕೂಡಲೇ ಆ ವರದಿಗಳಿಗೆ ಕಾಯುತ್ತಿದ್ದ ಆರೋಗ್ಯ ಇಲಾಖೆಯ ಸಾಹೇಬರೊಬ್ಬರ ಫೋನ್: "ಯಾರನ್ನ ಕೇಳಿ ಬಂದ್ ಮಾಡೀರಿ?"

"ಯಾರ್ನೂ ಕೇಳಿಲ್ರಿ. ರಕ್ತ ನಿಂತ ಮ್ಯಾಲೆ ಬಿಡ್ತೀನ್ರಿ," ಎಂದು ಫೋನ್ ಇಟ್ಟೆ.

ಡಾಕ್ಟರ್ ಹೇಳಿದ ಸೂಜಿಯನ್ನು ರತ್ನಾಬಾಯಿ ಹಾಕಿದರು, ತಿಕ್ಕುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ರತ್ನಾಬಾಯಿಯ ದನಿ ಒಂದಕ್ಷರವೂ ಮುರಿಯದೆ ಬಂತು: "ನಿಂತೈತ್ರಿ ಮೇಡಂ. ನೀರ್ ಕೇಳಾಕತ್ತಾಳ." ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಗುಡ್ಡದ ಹಾದಿಯೂ ತೆರೆಯಿತು.

ಇವರು ಮೈಯೆಲ್ಲ ಕೆಸರಾಗಿ ಬಂದು, ಸುದ್ದಿ ಕೇಳಿದರು. "ಇನ್ಮ್ಯಾಲೆ ಗುಡ್ಡದ ಮ್ಯಾಲೆ ಎರಡ್ ಬ್ಯಾಟರಿ ಇಡೂಣು," ಎಂದರು. ಮರುದಿನ ದೋಣಿಯಲ್ಲಿ ತಾಯಿ-ಕೂಸನ್ನು ಆಸ್ಪತ್ರೆಗೆ ಕರೆತಂದರು. ಮರೆವ್ವ ಕೂಸನ್ನು ನನ್ನ ಮಡಿಲಲ್ಲಿಟ್ಟು, ತಾನು ಚಹಾ ಕುಡಿಯಲು ಹೋದಳು! ನಾನು ಪಂಚಮಿ ಮಾಡಿದ್ದು ಹೀಗೆ. ಜೋಕಾಲಿ ತಪ್ಪಿತೆಂಬ ಬೇಸರ ನನಗಿಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು. ಮಗ್ಗದ ಧೂಳಿನಲ್ಲಿ ಬಹಳ ಹೊತ್ತು ಕೂರಬೇಡವೆಂದು ಹೇಳು.

ನಿನ್ನ ಮಗಳು,
ಮಂಗಲಾ

ತಾ.ಕ.: ರಕ್ತ ನಿಂತ ಮೇಲೂ ಬನಹಟ್ಟಿಯ ಬಸ್ ಇತ್ತು, ಅವ್ವಾ. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರ್ ಶೀತಲ ತಡೆದರು. ನನಗೀಗ ಮೂರು ತಿಂಗಳು. ಹೋದ ಸಲ ಬೇಗ ಹೇಳಿ, ಆಮೇಲೆ ಗರ್ಭ ನಿಲ್ಲದೆ ನಿನ್ನನ್ನು ಅಳಿಸಿದೆನೆಂದು ಈ ಸಲ ಬಾಯಿ ಬಿಟ್ಟಿರಲಿಲ್ಲ. ಹೆರಿಗೆಗೆ ನಾನು ತವರಿಗೆ ಬರುವುದಿಲ್ಲ, ನೀನೇ ಇಲ್ಲಿಗೆ ಬಾ. ಅಪ್ಪನಿಗೆ ನೀನೇ ಹೇಳು, ನನಗೆ ನಾಚಿಕೆ.