ಸುಕ್ಕಿಗೆ ಮದ್ದು

19-1-98, ಸೋಮವಾರ

ದೋಸೆ ಹಿಟ್ಟು ಮತ್ತೆ ಹುಳಿ. ಮಗಳು ಮುತ್ತುಸೆಲ್ವಿ ಟಿಫನ್ ಬಾಕ್ಸ್ ಮರೆತು ಉತ್ತಮಪಾಳಯಂ ಕಾಲೇಜಿಗೆ ಓಡಿದಳು. ಇವರು ದ್ರಾಕ್ಷಿ ತೋಟಕ್ಕೆ. ನಿನ್ನೆಯದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಇವತ್ತು ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ.

ದಿಂಡಿಗಲ್, ಸೀರೆ ಅಂಗಡಿ. ಅಂಗಡಿಯವನು ಕುರ್ಚಿ ಎಳೆದು ಇವರಿಗೆ ಹೇಳಿದ — “ಸಾರ್, ಉಂಗ ಅಮ್ಮಾವೆ ಉಕ್ಕಾರ ವೈಂಗ.” ನಿಮ್ಮ ಅಮ್ಮನನ್ನು ಕೂರಿಸಿ ಅಂತ. ನನ್ನನ್ನು!

ಇವರು ತುಟಿ ಪಿಟಿಕ್ ಎನ್ನಲಿಲ್ಲ. ಕುರ್ಚಿ ತೋರಿಸಿದರು. ಕೂತೆ.

ಇವರು ನನ್ನ ಸೋದರಮಾವನ ಮಗ. ನಮ್ಮ ಜನದಲ್ಲಿ ಅತ್ತೆ ಮಗಳ ಮೇಲೆ ಹುಡುಗನಿಗೆ ಹಕ್ಕು, ಅವಳು ದೊಡ್ಡವಳಾದರೂ ಸರಿಯೇ. ಇವರಿಗೆ ಮೀಸೆ ಬರಲಿ ಎಂದು ಇಪ್ಪತ್ತಾರರವರೆಗೆ ಕಾದವಳು ನಾನು. ಇವರ ತೊಟ್ಟಿಲು ತೂಗಿದ್ದೂ ನಿಜ. ಹಾಗಂತ ಅಮ್ಮನೇ?

ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿದ್ದಾಗ ಕನ್ನಡ ಅಕ್ಷರ ಕಲಿತದ್ದು ಒಳ್ಳೆಯದಾಯಿತು. ಊರೆಲ್ಲ ತಮಿಳು; ಈ ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಒಬ್ಬರಿಗೂ ಓದಲು ಬಾರದು.

22-1-98

ಕನ್ನಡಿ ನೋಡಿದೆ. ಮೂಗಿನ ಎರಡೂ ಪಕ್ಕದಿಂದ ತುಟಿಯ ಕೊನೆಯವರೆಗೆ ಗೆರೆ. ಬಾಯನ್ನು ಬ್ರಾಕೆಟ್ಟಿನಲ್ಲಿ ಹಾಕಿಟ್ಟ ಹಾಗೆ.

ಕಂಬಂ ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಬ್ಯೂಟಿ ಪಾರ್ಲರ್. ಹೋದೆ. ಆ ಹುಡುಗಿ ಮುಖ ಹಿಡಿದು ತಿರುಗಿಸಿ, “ಇದು ಲಾಫ್ ಲೈನ್ಸ್ ಆಂಟಿ. ನಗೋದ್ರಿಂದ ಬರುತ್ತೆ” ಅಂದಳು, ತಮಿಳಿನಲ್ಲಿ. ಇಪ್ಪತ್ತು ವರ್ಷದಲ್ಲಿ ಅಷ್ಟು ನಕ್ಕ ನೆನಪಿಲ್ಲ… ಬಿಸಿಲಿಗೆ ಹೋಗಬೇಡಿ, ಕೆನ್ನೆ ಮೇಲ್ಮುಖವಾಗಿ ತೀಡಿ, ಮೊಟ್ಟೆಯ ಬಿಳಿ ಹಚ್ಚಿ — ಹಚ್ಚಿದ ಮೇಲೆ ಮುಖ ಅಲ್ಲಾಡಿಸಬೇಡಿ, ಅಂದಳು.

24-1-98, ಮಧ್ಯಾಹ್ನ

ಮೊಟ್ಟೆಯ ಬಿಳಿ ಹಚ್ಚಿ ಕೂತಿದ್ದೆ. ಅತ್ತೆ ಮುನಿಯಮ್ಮಾಳ್ ಒಳಗೆ ಬಂದರು.

“ಏನ್ ಹೆಣ್ಣೆ, ಮೊಕ ಹಿಂಗ್ ಬಿಗ್ಕೊಂಡಿದ್ದೀಯೆ?”

ಮಾತಾಡಿದರೆ ಬಿರಿಯುತ್ತದೆ.

“ನಾ ಏನ್ ತಪ್ಪು ಮಾಡ್ದೆ? ಸೊಲ್ಲು!”

ಕೈಸನ್ನೆ ಮಾಡಿದೆ. ಆಚೆ ಹೋಗು ಎಂದಂತೆ ಕಂಡಿತೋ ಏನೋ. ಪಕ್ಕದ ಮನೆಯಲ್ಲಿ ಊಟ ಮಾಡಿ ಬಂದರು. ಸಂಜೆಯವರೆಗೆ ನನ್ನ ಕಡೆ ತಿರುಗಲಿಲ್ಲ.

30-1-98

ಇವರ ಗೆಳೆಯ ಕರುಪ್ಪಸಾಮಿಯ ಮಗಳ ಮದುವೆ, ಎಂಟನೇ ತಾರೀಕು, ವೇದಸಂದೂರಿನಲ್ಲಿ. ಪತ್ರಿಕೆ ಬಂತು. ಯಾವ ಸೀರೆ ಉಡಲಿ ಎಂದೆ.

“ನೀ ಇರು ಕಾಳಿ. ನಾ ಮಟ್ಟು ಹೋಗಿ ಬತ್ತೀನಿ.”

ಮದುವೆಯಾದಾಗಿನಿಂದ ಒಂದು ಮದುವೆಗೂ ಒಬ್ಬರೇ ಹೋದವರಲ್ಲ. ಅರ್ಥವಾಯಿತು. ನಾಚಿಕೆ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ನಾಚಿಕೆ. ಈರುಳ್ಳಿ ಹೆಚ್ಚುತ್ತ ಕೂತು ಅತ್ತುಬಿಟ್ಟೆ. ಅಷ್ಟು ಈರುಳ್ಳಿ ಬೇಕಿರಲಿಲ್ಲ.

3-2-98, ಮಧ್ಯಾಹ್ನ 3.30

ಮೊಟ್ಟೆಯ ಗುಟ್ಟು ಅತ್ತೆಗೆ ಕೊನೆಗೂ ತಿಳಿದಿದೆ. ಜಗಲಿಯಿಂದಲೇ ಮಗಳಿಗೆ ಕೂಗಿದರು, ಬೀದಿಗೆಲ್ಲ ಕೇಳುವ ಹಾಗೆ — “ಲೇ ಸೆಲ್ವೀ, ನಿಮ್ಮವ್ವನ ಮೊಕಕ್ಕೆ, ಸುಕ್ಕಿಗೆ, ನಾಟು ಮದ್ದಿನ ಅಂಗಡೀಲಿ ಕೇಳಿ ವಾಂಗಿಕೊಂಡ್ ಬಾ!”

ಸೆಲ್ವಿ ಪುಡಿಯ ಪೊಟ್ಟಣ ತಂದಳು. ನೀರಲ್ಲಿ ಕಲಸಿ ಹಚ್ಚಬೇಕಂತೆ. ಘಾಟು ವಾಸನೆ. ಮದ್ದು ಅಂದ ಮೇಲೆ ಅದೆಲ್ಲ ಇದ್ದದ್ದೇ. ದಪ್ಪಗೆ ಹಚ್ಚಿದ್ದೇನೆ.

4.00 — ಉರಿ. ಕೆಲಸ ಮಾಡುತ್ತಿದೆ.

4.10 — ತುಂಬಾ ಕೆಲಸ ಮಾಡುತ್ತಿದೆ.

4-2-98

ಮುಖ ಬನ್ನಿನ ಹಾಗೆ ಊದಿದೆ. ಒಂದು ಗೆರೆಯೂ ಇಲ್ಲ. ಕಣ್ಣೂ ಇಲ್ಲ.

ಆದದ್ದು ಇಷ್ಟು. ನಮ್ಮ ಮನೆಯ ಕನ್ನಡದಲ್ಲಿ ಸುಕ್ಕು ಮುಖದ ಮೇಲಿರುತ್ತದೆ. ಊರಿನ ತಮಿಳಿನಲ್ಲಿ ಸುಕ್ಕು ಎಂದರೆ ಒಣಶುಂಠಿ. ನನ್ನ ಮಗಳಿಗೆ ಕನ್ನಡ ಅರ್ಧ ಕಿವಿಗೆ ಮಾತ್ರ. ಅಮ್ಮನ ಮುಖಕ್ಕೆ ಹಚ್ಚಲು ಸುಕ್ಕು ಕೊಡಿ ಎಂದಿದ್ದಾಳೆ. ತಲೆನೋವಿಗೆ ಹಣೆಗೆ ಹಚ್ಚುವವರಿದ್ದಾರಲ್ಲ, ಅಂಗಡಿಯವರು ನೂರು ಗ್ರಾಂ ಕೊಟ್ಟಿದ್ದಾರೆ.

ಇವರು ನಿನ್ನೆ ತೋಟದಿಂದ ಬಂದವರೇ ಗಾಬರಿಯಾಗಿ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಒತ್ತಿದರು. “ಯಾಕೆ ಕಾಳಿ ಇಂಗೆಲ್ಲಾ?” ಎಂದರು. ತಡೆಯಲಾಗಲಿಲ್ಲ.

“ದಿಂಡಿಗಲ್ಲಲ್ಲಿ ಹೆಂಡ್ತಿ ಅಂತ ಸೊಲ್ಲೋಕೆ ನಿಮಗೆ ವೆಕ್ಕ, ನಾಚಿಕೆ ಆಯ್ತಲ್ಲ, ಅದಕ್ಕೇ!”

ಬಟ್ಟೆ ಅಲ್ಲೇ ನಿಂತಿತು.

“ವೆಕ್ಕವಾ? ನಿಂಗೆ ಮಂಡಿನೋವು. ಅಮ್ಮ ಅಂದ್ಕೊಂಡು ಅವನು ಕೂತ್ಕೊಳ್ಳೋಕೆ ಸೇರು ಹಾಕ್ದ. ಇಲ್ಲಪ್ಪ, ಹೆಂಡ್ತಿ ಅಂದ್ರೆ, ಸೇರು ಎತ್ಕೊಂಡ್ ಹೋಗ್ಬುಟ್ರೆ?”

“ವೇದಸಂದೂರಿಗೆ ಬೇಡ ಅಂದಿದ್ದು?”

“ಮುಹೂರ್ತದ ದಿನ. ಎರಡು ಬಸ್ಸು. ನಿಂತ್ಕೊಂಡೇ ಹೋಗ್ಬೇಕು.”

ಹದಿನೈದು ದಿನ ನಾನು ಬೆಂದದ್ದು ಒಂದು ಪ್ಲಾಸ್ಟಿಕ್ ಕುರ್ಚಿಗೆ! ನಗು ಬಂತು. ನಕ್ಕರೆ ಉರಿ. ಉರಿದರೆ ಮತ್ತೂ ನಗು.

“ನಿಂತ್ಕೊಂಡೇ ಬತ್ತೀನಿ. ಆದ್ರೆ ಹೆಂಡ್ತಿ ಅಂತ ಬಾಯ್ಬಿಟ್ಟು ಸೊಲ್ಲಬೇಕು.”

“ಶೆರಿ.”

9-2-98, ಬೆಳಗ್ಗೆ 10

ಹೋಗಿ ಬಂದೆವು. ಊತ ಇಳಿದಿತ್ತು. ಗೆರೆಗಳೆರಡೂ ಮೊದಲಿನ ಜಾಗದಲ್ಲೇ ಹಾಜರ್.

ಇವರು ಮಾತು ಉಳಿಸಿಕೊಂಡರು. ಅಷ್ಟು ಉಳಿಸಿಕೊಳ್ಳಬಾರದಿತ್ತು. ಕಂಡಕ್ಟರಿಗೆ — “ರೆಂಡು ದಿಂಡಿಗಲ್. ಒಣ್ಣು ಎನಕ್ಕು, ಒಣ್ಣು ಎನ್ ಸಂಸಾರತ್ತುಕ್ಕು.” ಒಂದು ನನಗೆ, ಒಂದು ನನ್ನ ಹೆಂಡತಿಗೆ ಅಂತ. ಅವನು ಚೀಟಿ ಹರಿದುಕೊಟ್ಟನೇ ಹೊರತು ಏನೂ ಕೇಳಿರಲಿಲ್ಲ. ಮಂಟಪದ ಬಾಗಿಲಲ್ಲಿ ಗಂಧ ಕೊಡುವವಳಿಗೆ, ಕೈ ತೊಳೆಯಲು ನಿಂತ ಯಾವುದೋ ಮಿಲ್ಲಿನ ಮ್ಯಾನೇಜರಿಗೆ — ಎನ್ ಸಂಸಾರಂ, ಎನ್ ಸಂಸಾರಂ. ಸಾಂಬಾರ್ ಬಡಿಸುವವನಿಗಂತೂ ಒಂದು ಮಾತು ಸೇರಿಸಿ — “ಎನ್ನೆವಿಡ ಆರು ವರುಷಂ ಮೂತ್ತವ!” ನನಗಿಂತ ಆರು ವರ್ಷ ದೊಡ್ಡವಳು. ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಪಂಕ್ತಿಯೆಲ್ಲ ತಿರುಗಿ ನೋಡಿತು. ಹೆಣ್ಣಿನ ಅಜ್ಜಿ ನನ್ನನ್ನು ನೋಡಲೆಂದೇ ಎದ್ದು ಬಂದರು.

ವಯಸ್ಸು ಯಾರು ಕೇಳಿದ್ದರು? ನೆಲ ಬಿರಿಯಬಾರದೇ ಅನ್ನಿಸಿತು. ಆದರೂ… ಇವರು ಎದೆ ಮುಂದೆ ಮಾಡಿಕೊಂಡು ಹೇಳುತ್ತಿದ್ದರು. ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕ ದಿನವೂ ಹೀಗೆ ನಡೆದದ್ದು ನೋಡಿಲ್ಲ. ಸಂತೋಷವಾಯಿತು, ಸುಳ್ಳು ಯಾಕೆ. ದಾರಿಯುದ್ದ ನಿಂತೇ ಬಂದೆ, ಮಂಡಿ ಈಗಲೂ ಹಿಡಿದಿದೆ.

ಜಗಲಿಯಲ್ಲಿ ಪೋಸ್ಟ್‌ಮ್ಯಾನ್ ದನಿ. ಇವರು ಅವನಿಗೂ ಶುರು ಮಾಡಿದರು… ಮತ್ತೆ ಆರು! ನಾನು ಹುಟ್ಟಿದ್ದು ಏಪ್ರಿಲ್ಲಿನ ಚಿತ್ತಿರೈಯಲ್ಲಿ, ಇವರು ಅಕ್ಟೋಬರಿನ ಐಪ್ಪಸಿಯಲ್ಲಿ. ಲೆಕ್ಕ ಹಾಕಿದೆ. ಅವನು ಸೈಕಲ್ ಹತ್ತುವುದರೊಳಗೆ ಹೋಗಿ ಹೇಳಬೇಕು, ಆರಲ್ಲ, ಐದೂವ—